ಗಡ್ಡೆ ಅಂದರು, ಹುಳುವೂ ಇರಬಹುದು ಅಂದರು: ಅನುಭವ ಇದ್ದವರು ಹೇಳಿ

ಕೇಳಿದ್ದು: ಅಮ್ಮನ ಲಿವರ್ ಸ್ಕ್ಯಾನಿನಲ್ಲಿ 4 ಸೆಂ.ಮೀ. ಗಡ್ಡೆ ಕಂಡಿದೆ. ಕ್ಯಾನ್ಸರ್ ಇರಬಹುದು, ಹುಳದಿಂದ ಆದದ್ದೂ ಇರಬಹುದು, ಇನ್ನೂ ಪರೀಕ್ಷೆ ಬೇಕು ಎಂದಿದ್ದಾರೆ. ಹೀಗೂ ಆಗುತ್ತದಾ? ಡಾಕ್ಟರ ಹತ್ತಿರ ಏನು ಕೇಳಲಿ?

ಉತ್ತರ: ಆಗುತ್ತದೆ. ನನ್ನ ತಂಗಿಗೆ ಆಗಿತ್ತು, ಅವಳದ್ದು ಮೆದುಳಿನಲ್ಲಿ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದಳು. ಬಲಗೈ ಅದುರತೊಡಗಿತು, ಬ್ರಷ್ ಜಾರಿ ಬಿತ್ತು, ಫಿಟ್ಸ್ ಬಂತು. ಎಂಆರ್‌ಐನಲ್ಲಿ ಉಂಗುರದಂಥ ಕಲೆ, ಸುತ್ತ ಊತ. ಗಡ್ಡೆ ಇರಬಹುದು ಎಂದರು. ನಾಲ್ಕು ದಿನ ಯಾರಿಗೂ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಆಮೇಲೆ ಇನ್ನೊಬ್ಬ ಡಾಕ್ಟರು ಚಿತ್ರ ದೊಡ್ಡದು ಮಾಡಿ, ಉಂಗುರದೊಳಗೆ ಒಂದು ಚುಕ್ಕೆ ತೋರಿಸಿದರು. ಸಾಸಿವೆ ಕಾಳಿನಷ್ಟು. ಲಾಡಿಹುಳದ ಮರಿಯ ತಲೆ ಅದು!

ಲಾಡಿಹುಳು ಹಂದಿಮಾಂಸದಿಂದ ಬರುತ್ತದೆ ಅಂತ ಕೇಳಿದ್ದೆವು, ಅವಳು ಅದನ್ನು ಮುಟ್ಟಿದವಳೇ ಅಲ್ಲ. ಅದಕ್ಕೇ ನಾವು ನಂಬಲಿಲ್ಲ. ಆದರೆ ಮೆದುಳಿಗೆ ಬರುವುದು ಮಾಂಸದಿಂದ ಅಲ್ಲ. ಹೊಟ್ಟೆಯಲ್ಲಿ ಲಾಡಿಹುಳು ಇರುವವರ ಮಲದಲ್ಲಿ ಮೊಟ್ಟೆ ಹೊರಬರುತ್ತದೆ. ಕೊಳಕು ಕೈ, ನೀರು, ತೊಳೆಯದ ತರಕಾರಿಯಿಂದ ಬೇರೆಯವರ ಬಾಯಿಗೆ ಸೇರುತ್ತದೆ. ಆಲ್ಬೆಂಡಜೋಲ್ ಎಂಬ ಹುಳದ ಮಾತ್ರೆ, ಊತ ಇಳಿಸುವ ಸ್ಟೀರಾಯ್ಡ್, ಫಿಟ್ಸ್ ಮಾತ್ರೆ ಕೊಟ್ಟರು, ವಾಸಿಯಾಯಿತು. ಹುಳು ಸಾಯುವಾಗ ಊತ ಜಾಸ್ತಿಯಾಗುತ್ತದೆ, ಅದಕ್ಕೇ ಸ್ಟೀರಾಯ್ಡ್. ದಯವಿಟ್ಟು ನೀವೇ ಜಂತುಹುಳದ ಮಾತ್ರೆ ತಂದು ಅಮ್ಮನಿಗೆ ನುಂಗಿಸಬೇಡಿ.

ಮತ್ತೊಬ್ಬರು: ನಮ್ಮ ಮಾವನವರದ್ದು ಲಿವರೇ. ಹೈಡಾಟಿಡ್ ಗುಳ್ಳೆ, ಅಂದರೆ ನಾಯಿಯ ಲಾಡಿಹುಳದ ಮರಿಯಿಂದ ಆಗುವ, ನೀರು ತುಂಬಿದ ಗುಳ್ಳೆ. ನಾಯಿಯ ಮಲದಲ್ಲಿರುವ ಮೊಟ್ಟೆಯಿಂದ ಬರುತ್ತದೆ. ಇದರದ್ದೇ ಇನ್ನೊಂದು ಜಾತಿಯ ಹುಳು, ನರಿಗಳಲ್ಲಿ ಇರುವುದು, ಥೇಟ್ ಕ್ಯಾನ್ಸರಿನ ಹಾಗೆ ಲಿವರಿನೊಳಗೆ ಹಬ್ಬುತ್ತದೆ. ಪರೀಕ್ಷೆಗೆಂದು ಗಡ್ಡೆಗೆ ಸೂಜಿ ಚುಚ್ಚುವ ಮೊದಲೇ "ಇದು ಹೈಡಾಟಿಡ್ ಇರಬಹುದಾ?" ಎಂದು ಕೇಳಿ. ಗುಳ್ಳೆಯ ನೀರು ಹೊಟ್ಟೆಯೊಳಗೆ ಸೋರಿದರೆ ಜೀವಕ್ಕೇ ಕುತ್ತಾಗುವಂಥ ಅಲರ್ಜಿ ಆಗಬಹುದು. ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಎಷ್ಟಿದೆ ನೋಡಿಸಿ. ಜಾಸ್ತಿ ಇದ್ದರೆ ಹುಳದ ಅನುಮಾನ ಗಟ್ಟಿಯಾಗುತ್ತದೆ. ಕಡಿಮೆ ಇದ್ದರೆ ಹುಳು ಇಲ್ಲ ಎಂದಲ್ಲ, ಮಾವನಿಗೆ ನಾರ್ಮಲ್ಲೇ ಇತ್ತು. ಮನೆಯಲ್ಲಿ ನಾಯಿ ಸಾಕಿದ್ದು, ಹಸಿ ಮೀನು ಅಥವಾ ಏಡಿ ತಿಂದದ್ದು, ನೀರಿನಲ್ಲಿ ಬೆಳೆವ ಸೊಪ್ಪು ಹಸಿಯಾಗಿ ತಿಂದದ್ದು, ಹೋಗಿಬಂದ ಊರು, ಎಲ್ಲ ಡಾಕ್ಟರಿಗೆ ಹೇಳಿ. ಸಣ್ಣ ವಿಷಯ ಅಂತ ಬಿಡಬೇಡಿ.

ಇನ್ನೊಬ್ಬರು: ನಮ್ಮದು ಬೇರೆ ಥರ ಆಯಿತು. ಹುಳವೇ ಇರಲಿ ಎಂದು ಆಸೆಪಟ್ಟು, ಚಿಕ್ಕಪ್ಪನ ಬಯಾಪ್ಸಿಯನ್ನು (ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ) ಎರಡು ತಿಂಗಳು ಮುಂದೂಡಿದೆವು. ಕ್ಯಾನ್ಸರೇ ಆಗಿತ್ತು. ಆ ಎರಡು ತಿಂಗಳು ಇವತ್ತಿಗೂ ಎದೆ ಚುಚ್ಚುತ್ತದೆ. ಹುಳದ ರಕ್ತಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಪರೀಕ್ಷೆಯೂ ನಿಲ್ಲದಿರಲಿ. ರಿಪೋರ್ಟ್ ತರಲು ಒಬ್ಬರೇ ಹೋಗಬೇಡಿ.