ಪಿರಮಿಡ್ ಕುಸಿದಿದೆ, ಆದರೂ ಅದು ಸಮೃದ್ಧಿಯ ಕಾಲವೇ?

ಪ್ರಶ್ನೆ (ಕೋಡಿಬಾಗ, ಕಾರವಾರ):
ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ಈಜಿಪ್ಟಿನ 12ನೇ ರಾಜವಂಶದ ಕಾಲ, ಅಂದರೆ ಸುಮಾರು ಕ್ರಿ.ಪೂ. 1985ರ ನಂತರದ ಎರಡು ಶತಮಾನ, ಬಹಳ ಸಮೃದ್ಧವಾಗಿತ್ತು ಎಂದೆ. ಒಬ್ಬ ಹುಡುಗಿ ಎದ್ದು, "ಹಾಗಾದರೆ ಆ ಅರಸರ ಪಿರಮಿಡ್‌ಗಳೇಕೆ ಮಣ್ಣಿನ ದಿಬ್ಬಗಳಾಗಿವೆ?" ಎಂದಳು. ಒಳಗೆ ಹಸಿ ಇಟ್ಟಿಗೆ, ಮೇಲಿನ ಕಲ್ಲಿನ ಹೊದಿಕೆಯನ್ನು ಜನ ಕಿತ್ತೊಯ್ದರು ಎಂದು ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ. ಬಲ್ಲವರು ತಿಳಿಸಿ.

ಉತ್ತರ (ಬೈತಖೋಲ):
ಮಾಸ್ತರರೇ, ಅವಳಿಗೆ ಪಿರಮಿಡ್ ಬಿಟ್ಟು ಹಡಗು ತೋರಿಸಿ. ನಮ್ಮದು ದೋಣಿ ಕಟ್ಟುವ ಮನೆತನ. ಅಜ್ಜ ರಂಪಣಿ ದೋಣಿಯ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಹಾಗಾಗಿ ಕೆಂಪು ಸಮುದ್ರದ ದಂಡೆಯ ಮೆರ್ಸಾ ಗವಾಸಿಸ್ ಬಗ್ಗೆ ಓದುವಾಗ ನನಗೆ ಕಾಲದ ಅರಿವೇ ಇರುವುದಿಲ್ಲ.

ಇದು ಆ ಅರಸರ ಬಂದರು. ಹಡಗು ಕಟ್ಟುತ್ತಿದ್ದದ್ದು ನೈಲ್ ದಂಡೆಯ ಕೊಪ್ಟೋಸ್‌ನಲ್ಲಿ. ಕಟ್ಟಿದ್ದನ್ನು ಬಿಚ್ಚಿ, ಹಲಗೆ ಹಲಗೆಯಾಗಿ ಮರುಭೂಮಿ ದಾಟಿಸಿ, ಕಡಲ ದಂಡೆಯಲ್ಲಿ ಮತ್ತೆ ಜೋಡಿಸುತ್ತಿದ್ದರು. ಮರವೂ ಊರಿನದಲ್ಲ, ದೇವದಾರು ಲೆಬನಾನ್ ಕಡೆಯಿಂದ ಬರಬೇಕಿತ್ತು. ಆ ವಂಶದ ಅರಸ ಮೊದಲನೇ ಸೆನುಸ್ರೆತ್‌ನ ಕಾಲದ ಒಂದು ಶಾಸನದ ಪ್ರಕಾರ ಅಂಥ ಒಂದೇ ಯಾತ್ರೆಗೆ 3,700ಕ್ಕೂ ಹೆಚ್ಚು ಜನ ಹೊರಟಿದ್ದರು. ಗಿಡವಿಲ್ಲದ, ನೀರಿಲ್ಲದ ದಾರಿಯಲ್ಲಿ ಅಷ್ಟು ಜನರಿಗೆ ದಿನವೂ ರೊಟ್ಟಿ, ನೀರು ಒದಗಿಸುವ ಉಗ್ರಾಣ ಬರಗಾಲದ ದೇಶದಲ್ಲಿ ಇರಲು ಸಾಧ್ಯವೇ? ಸಮೃದ್ಧಿಯನ್ನು ನಾನು ಅಳೆಯುವುದು ಅಲ್ಲಿ.

ಆ ಬಂದರಿನ ಗುಹೆಗಳಲ್ಲಿ ಅವರು ಇಟ್ಟುಹೋದ ಹಗ್ಗದ ಸುರುಳಿಗಳು ಇಂದಿಗೂ ಇವೆ. ಸುತ್ತಿ, ನಡುವೆ ಬಿಗಿದು, ಸಾಲಾಗಿ ಇಟ್ಟದ್ದು ಇಟ್ಟ ಹಾಗೆಯೇ ಇದೆ. ಮುಂದಿನ ಯಾತ್ರೆಗೆ ಬೇಕೆಂದು ಯಾರೋ ಜತನದಿಂದ ಇಟ್ಟದ್ದು. ಹಲಗೆಗಳಲ್ಲಿ ಕಡಲಹುಳು ಕೊರೆದ ತೂತುಗಳೂ ಇವೆ. ಈ ಹಡಗುಗಳು ನಿಜಕ್ಕೂ ಉಪ್ಪುನೀರಿನಲ್ಲಿ ಬಹಳ ಕಾಲ ಓಡಾಡಿದವು ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಹುಳು ತಿಂದ ಭಾಗವನ್ನು ಕೆತ್ತಿ ತೆಗೆದು ಮರವನ್ನು ಮತ್ತೆ ಬಳಸಿದ್ದಾರೆ. ಆ ಬಡಗಿಗಳ ಮೇಲೆ ನನಗೆ ಬಹಳ ಗೌರವ.

ಉತ್ತರ (ಶಿರಸಿ):
ಬೈತಖೋಲದವರ ಮಾತಿಗೆ ಒಂದು ಸೇರಿಕೆ. ಆ ಉಗ್ರಾಣ ತುಂಬಿದ್ದರಲ್ಲಿ ನೈಲ್‌ನ ಪಶ್ಚಿಮಕ್ಕಿರುವ ಫಯ್ಯೂಮ್ ತಗ್ಗಿನ ಪಾಲು ದೊಡ್ಡದು. ನೈಲ್ ನೀರನ್ನು ಅಲ್ಲಿಗೆ ಹರಿಸಿ, ಜೌಗು ನೆಲವನ್ನು ಗದ್ದೆ ಮಾಡಿದರು. ಪಕ್ಕದ ಲಾಹುನ್ ಊರಿನಲ್ಲಿ 1889ರಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಉಯಿಲುಗಳಿವೆ, ಲೆಕ್ಕಗಳಿವೆ, ಎತ್ತಿನ ರೋಗಕ್ಕೆ ಮದ್ದು ಹೇಳುವ ತುಣುಕೂ ಇದೆ. ಕೊಟ್ಟಿಗೆ ಇರುವ ಮನೆಯವನಾಗಿ ನನಗೆ ಅದೇ ಹೆಚ್ಚು ಇಷ್ಟ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅಷ್ಟು ಕಷ್ಟಪಟ್ಟು ಅವರು ಹೋಗುತ್ತಿದ್ದುದು ಎಲ್ಲಿಗೆ, ಏನು ತರಲು? ನಾಳೆ ಅವಳು ಕೇಳಿಯೇ ಕೇಳುತ್ತಾಳೆ.

ಉತ್ತರ (ಬೈತಖೋಲ):
ಪುಂಟ್ ನಾಡಿಗೆ. ಕೆಂಪು ಸಮುದ್ರದ ದಕ್ಷಿಣಕ್ಕೆ, ಆಫ್ರಿಕಾದ ಕೊಂಬಿನ (ಈಗಿನ ಎರಿಟ್ರಿಯಾ, ಸೊಮಾಲಿಯಾ ಭಾಗ) ಕಡೆ ಇತ್ತೆಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ತರುತ್ತಿದ್ದದ್ದು ಧೂಪದ ಅಂಟು, ಕರಿಮರ, ಆನೆದಂತ, ಚಿನ್ನ. ಬಂದರಿನಲ್ಲಿ ಸಿಕ್ಕ ಮರದ ಪೆಟ್ಟಿಗೆಯೊಂದರ ಮೇಲೆ ಅದೇ ವಂಶದ ಅರಸ ನಾಲ್ಕನೇ ಅಮೆನೆಮ್ಹಾತ್‌ನ ಹೆಸರಿದೆ, "ಪುಂಟ್‌ನ ಅದ್ಭುತಗಳು" ಎಂದೂ ಬರೆದಿದೆ. ಚಿತ್ರ ಸಿಕ್ಕರೆ ತರಗತಿಯಲ್ಲಿ ತೋರಿಸಿ.