ನಿವೃತ್ತಿಯ ಹಣ: ಕಂಪನಿ ಠೇವಣಿಯೋ, ಸರ್ಕಾರದ ಸಾಲಪತ್ರವೋ?

ಕೇಳಿದವರು: ನಿವೃತ್ತ ಶಿಕ್ಷಕಿ, ತಿಪಟೂರು

ಅರವತ್ತು ತುಂಬಿ ಕಳೆದ ತಿಂಗಳು ಪ್ರೌಢಶಾಲೆಯಿಂದ ನಿವೃತ್ತಳಾದೆ. ಕೈಗೆ ಬಂದದ್ದು 40 ಲಕ್ಷ ರೂಪಾಯಿ, ಪಿಂಚಣಿ ತಿಂಗಳಿಗೆ 48 ಸಾವಿರ. ಪರಿಚಯದ ಏಜೆಂಟರೊಬ್ಬರು ಹಣಕಾಸು ಕಂಪನಿಯೊಂದರ ಠೇವಣಿಗೆ ಶೇ 9.6 ಬಡ್ಡಿ ಸಿಗುತ್ತದೆ, ತೆರಿಗೆಯಲ್ಲೂ ಲಾಭ ಎನ್ನುತ್ತಾರೆ. ನನ್ನ ತಮ್ಮ ಸರ್ಕಾರಿ ಬಾಂಡ್, ಅಂದರೆ ಸರ್ಕಾರದ ಸಾಲಪತ್ರ, ಕೊಳ್ಳು ಎನ್ನುತ್ತಾನೆ. ದಿನಬೆಳಗಾದರೆ ಪತ್ರಿಕೆಯಲ್ಲಿ ಸರ್ಕಾರದ ಸಾಲದ ಸುದ್ದಿಯನ್ನೇ ಓದುವ ನನಗೆ ಅದರ ಮೇಲೂ ಧೈರ್ಯವಿಲ್ಲ. ಇಂಥ ಹಣ ಇಟ್ಟು ಅನುಭವ ಇರುವವರು ದಯವಿಟ್ಟು ತಿಳಿಸಿ.

ಲೆಕ್ಕಪತ್ರ ವಿಭಾಗದಲ್ಲಿ 31 ವರ್ಷ ದುಡಿದವರು, ದಾವಣಗೆರೆ

ಮೇಡಂ, 2016ರಲ್ಲಿ ನಾನು ಇಂಥದ್ದೇ ಒಂದು ಠೇವಣಿಯಲ್ಲಿ ಆರು ಲಕ್ಷ ಇಟ್ಟೆ. ಮೂರು ವರ್ಷ ಬಡ್ಡಿ ತಪ್ಪದೆ ಬಂತು, ಆಮೇಲೆ ನಿಂತಿತು. ಎರಡು ವರ್ಷ ಓಡಾಡಿದ ಮೇಲೆ ಅಸಲಿನ ಮೂರನೇ ಒಂದು ಭಾಗವೂ ಕೈಗೆ ಬರಲಿಲ್ಲ. ಜೀವಮಾನವಿಡೀ ಲೆಕ್ಕ ಬರೆದ ನಾನು ಆ ಕಂಪನಿಯ ವಾರ್ಷಿಕ ವರದಿಯನ್ನು ಬಿಡಿಸಿ ನೋಡಿದ್ದು ಹಣ ಹೋದ ಮೇಲೆ. ಆಗಬಹುದಾದದ್ದೆಲ್ಲ ಅದರಲ್ಲಿ ಮೊದಲೇ ಅಚ್ಚಾಗಿತ್ತು. ಇಂದಿಗೂ ನನ್ನನ್ನು ಕೊರೆಯುವುದು ಅದೇ.

ಲಾಭದ ಸಾಲನ್ನು ನೋಡಿ ಏನನ್ನೂ ತೀರ್ಮಾನಿಸಬೇಡಿ. ಸಾಲ ಕೊಡುವ ಕಂಪನಿ, ಬರಬೇಕಾದ ಬಡ್ಡಿಯನ್ನು ಬರುವ ಮೊದಲೇ ಆದಾಯವೆಂದು ಬರೆದುಕೊಳ್ಳುತ್ತದೆ. ವರದಿಯ ಕೊನೆಯ ಭಾಗದ ಟಿಪ್ಪಣಿಗಳಿಗೆ ಹೋಗಿ. ಅಲ್ಲಿ ಆಸ್ತಿ ಮತ್ತು ಹೊಣೆಗಳನ್ನು ಅವಧಿಯ ಪ್ರಕಾರ ವಿಂಗಡಿಸಿದ ಕೋಷ್ಟಕ ಇರುತ್ತದೆ: ಒಂದು ವರ್ಷದೊಳಗೆ ಕಂಪನಿ ತೀರಿಸಬೇಕಾದದ್ದು ಎಷ್ಟು, ಅದೇ ವರ್ಷದೊಳಗೆ ಅದಕ್ಕೆ ಬರಬೇಕಾದದ್ದು ಎಷ್ಟು. ನನ್ನ ಕಂಪನಿ ಮೂರು ತಿಂಗಳ, ಆರು ತಿಂಗಳ ಸಾಲ ತಂದು ಹದಿನೈದು ವರ್ಷದ ಸಾಲ ಹಂಚುತ್ತಿತ್ತು. ಹೊಸ ಸಾಲ ಹುಟ್ಟದ ದಿನ ಹಳೆಯದನ್ನು ತೀರಿಸಲು ಅದರ ಬಳಿ ಕಾಸಿರಲಿಲ್ಲ. ವಸೂಲಾಗದ ಸಾಲದ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ, ಮಾಲೀಕರ ಬೇರೆ ಕಂಪನಿಗಳಿಗೆ ಸಾಲ ಹೋಗಿದೆಯೇ, ಲೆಕ್ಕಪರಿಶೋಧಕರು ನಡುವೆಯೇ ಬಿಟ್ಟು ಹೋಗಿದ್ದಾರೆಯೇ ಎಂದೂ ನೋಡಿ. ಈ ನಾಲ್ಕಕ್ಕೆ ಒಂದು ಸಂಜೆ ಸಾಕು.

'ಟ್ರಿಪಲ್ ಎ' ರೇಟಿಂಗ್ (ಸಾಲ ತೀರಿಸುವ ಶಕ್ತಿಗೆ ಕೊಡುವ ಅತಿ ಮೇಲಿನ ಶ್ರೇಣಿ) ಇದೆ ಎಂದು ಏಜೆಂಟರು ಹೇಳಿದರೆ ಐಎಲ್ಅಂಡ್ಎಫ್ಎಸ್ ಎಂಬ ಮೂಲಸೌಕರ್ಯ ಹಣಕಾಸು ಕಂಪನಿಯನ್ನು ನೆನಪಿಸಿಕೊಳ್ಳಿ. 2018ರ ಆಗಸ್ಟ್ ಆರಂಭದವರೆಗೂ ಅದಕ್ಕೆ ಆ ಶ್ರೇಣಿ ಇತ್ತು. ಸೆಪ್ಟೆಂಬರ್‌ನಲ್ಲಿ ಅದು ಸಾಲ ಕಟ್ಟಲಾಗದೆ ಕೈಚೆಲ್ಲಿತು. ಮರುವರ್ಷ ಮನೆ ಸಾಲ ಕೊಡುವ ಕಂಪನಿ ಡಿಎಚ್‌ಎಫ್‌ಎಲ್ ಕುಸಿದಾಗ ಠೇವಣಿ ಇಟ್ಟ ಸಾವಿರಾರು ಹಿರಿಯರು ಅಸಲಿನ ದೊಡ್ಡ ಪಾಲನ್ನು ಕಳೆದುಕೊಂಡರು. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆ ಇದೆ. ಕಂಪನಿ ಠೇವಣಿಗೆ ಒಂದು ಪೈಸೆಯ ವಿಮೆಯೂ ಇಲ್ಲ, ಅಡಮಾನವೂ ಇಲ್ಲ. ಕಂಪನಿ ಮುಳುಗಿದಾಗ ಅಡಮಾನ ಇಟ್ಟುಕೊಂಡ ಬ್ಯಾಂಕುಗಳದು ಮೊದಲ ಪಾಳಿ, ನಿಮ್ಮದು ಅದರ ನಂತರ.

ಹತ್ತು ಲಕ್ಷಕ್ಕೆ ಅವರು ಕೊಡುವುದು ವರ್ಷಕ್ಕೆ 96 ಸಾವಿರ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ 8.2ರಂತೆ 82 ಸಾವಿರ. ವ್ಯತ್ಯಾಸ 14 ಸಾವಿರ. ಹೋದ ಹತ್ತು ಲಕ್ಷವನ್ನು ಆ 14 ಸಾವಿರದಿಂದ ತುಂಬಿಕೊಳ್ಳಲು 71 ವರ್ಷ ಬೇಕು. ಆ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ಇಟ್ಟ ದಿನದ ದರ ಐದು ವರ್ಷವೂ ಬದಲಾಗುವುದಿಲ್ಲ. ಮೊದಲು ಅದನ್ನು ತುಂಬಿ.

ತೆರಿಗೆ ಸಲಹೆಗಾರ, ಹುಬ್ಬಳ್ಳಿ

ತೆರಿಗೆ ಲಾಭ ಎಂಬ ಮಾತನ್ನು ನಂಬಬೇಡಿ ಮೇಡಂ. ನಿಮ್ಮ ಪಿಂಚಣಿ ವರ್ಷಕ್ಕೆ 5.76 ಲಕ್ಷ. 40 ಲಕ್ಷಕ್ಕೆ ಶೇ 8ರಂತೆ ಬಡ್ಡಿ 3.2 ಲಕ್ಷ. ಪಿಂಚಣಿಯಿಂದ, ಅದಕ್ಕೆ ಸಿಗುವ ಸ್ಥಿರ ಕಡಿತವಾದ 75 ಸಾವಿರ ಕಳೆಯಿರಿ. 2025-26ನೇ ಸಾಲಿಗೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ನೀವು ಕಟ್ಟಬೇಕಾದದ್ದು ಸೊನ್ನೆ, ಹಣ ಎಲ್ಲಿಟ್ಟರೂ ಸೊನ್ನೆ. ಹಳೆಯ ಪದ್ಧತಿಯಲ್ಲಿ ಹಿರಿಯರ ಬಡ್ಡಿಗೆ ಸಿಗುವ 50 ಸಾವಿರದ ವಿನಾಯಿತಿ ಕೂಡ ಬ್ಯಾಂಕು, ಅಂಚೆ ಕಚೇರಿಯ ಬಡ್ಡಿಗೆ ಮಾತ್ರ ಅನ್ವಯ, ಕಂಪನಿ ಠೇವಣಿಗೆ ಅಲ್ಲ.

ಆದರೂ ಟಿಡಿಎಸ್ (ಬಡ್ಡಿ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಕಡಿತವಾಗದಂತೆ, ತೆರಿಗೆ ಕಟ್ಟಬೇಕಿಲ್ಲ ಎಂಬ ಘೋಷಣೆಯ ನಮೂನೆ ಕೊಡಿ, 2025-26ರಲ್ಲಿ ಅದು 15ಎಚ್. ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು. ನನ್ನ ಬಳಿ ಬರುವ ನಿವೃತ್ತರಲ್ಲಿ ಬಹಳ ಮಂದಿ ಮರೆಯುವುದು ಇದನ್ನೇ. ಬಾಂಡನ್ನು ವರ್ಷದ ಮೇಲೆ ಇಟ್ಟುಕೊಂಡು ಲಾಭಕ್ಕೆ ಮಾರಿದರೆ ಆ ಲಾಭಕ್ಕೆ ಶೇ 12.5 ಬೇರೆ ತೆರಿಗೆ. 12 ಲಕ್ಷದ ರಿಯಾಯಿತಿ ಅದಕ್ಕೆ ಸಿಗುವುದಿಲ್ಲ.

ಅಡಿಕೆ ಕೃಷಿಕ, ಪುತ್ತೂರು

ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಶುರುಮಾಡಿದ ರಿಟೇಲ್ ಡೈರೆಕ್ಟ್ ಖಾತೆ, ಅಂದರೆ ಸರ್ಕಾರದ ಸಾಲಪತ್ರವನ್ನು ನಾವೇ ನೇರವಾಗಿ ಕೊಳ್ಳುವ ಖಾತೆ, ನನಗಿದೆ. ತೆರೆಯಲು ಶುಲ್ಕವಿಲ್ಲ, ಹತ್ತು ಸಾವಿರದಿಂದ ಕೊಳ್ಳಬಹುದು, ಏಜೆಂಟರು ಬೇಕಿಲ್ಲ.

2022ರ ಜನವರಿಯಲ್ಲಿ ಶೇ 6.54ರ, 2032ಕ್ಕೆ ಮುಗಿಯುವ ಕೇಂದ್ರದ ಬಾಂಡ್ ಐದು ಲಕ್ಷಕ್ಕೆ ಕೊಂಡೆ. ಜೂನ್‌ನಲ್ಲಿ ಮಳೆಗೆ ಮುಂಚೆ ಮನೆಯ ಮಾಡು ರಿಪೇರಿ ಮಾಡಿಸಬೇಕಾಯಿತು. ಮಾರೋಣವೆಂದು ನೋಡಿದರೆ ನೂರು ರೂಪಾಯಿಯ ಬಾಂಡ್ 93ರ ಆಸುಪಾಸಿಗೆ ಇಳಿದಿತ್ತು. ಪೇಟೆಯ ಬಡ್ಡಿ ಏಳೂವರೆ ತಲುಪಿದ ಮೇಲೆ ಆರೂವರೆ ಕೊಡುವ ಕಾಗದಕ್ಕೆ ಪೂರ್ತಿ ಬೆಲೆ ಯಾರು ಕೊಡುತ್ತಾರೆ? ಮಾರಲಿಲ್ಲ. ಊರಿನ ಸಹಕಾರಿ ಸಂಘದಲ್ಲಿ ಚಿನ್ನ ಅಡವಿಟ್ಟು ಹೆಂಚು ಹೊದಿಸಿದೆ. ಬಡ್ಡಿ 16,350 ರೂಪಾಯಿ ಜನವರಿ 17 ಮತ್ತು ಜುಲೈ 17ರ ಲೆಕ್ಕಕ್ಕೆ ಇಂದಿಗೂ ಸರಿಯಾಗಿ ಬರುತ್ತಿದೆ. ಅಂದರೆ ಅಕ್ಕಾ, ಕೊನೆಯವರೆಗೆ ಇಟ್ಟುಕೊಂಡರೆ ಅಸಲಿಗೆ ಮೋಸವಿಲ್ಲ, ನಡುವೆ ಮಾರುವ ಗಡಿಬಿಡಿ ಬಂದರೆ ನಷ್ಟ. ಬೇಗ ಬೇಕಾಗಬಹುದಾದ ಹಣಕ್ಕೆ 91, 182 ಅಥವಾ 364 ದಿನದ ಖಜಾನೆ ಬಿಲ್ (ಸರ್ಕಾರದ ಅಲ್ಪಾವಧಿ ಸಾಲಪತ್ರ) ಒಳ್ಳೆಯದು.

ಸರ್ಕಾರದ ಸಾಲದ ಬಗ್ಗೆ ನಿಮ್ಮ ಭಯ ಸುಳ್ಳಲ್ಲ. ಕೇಂದ್ರದ 2025-26ರ ಬಜೆಟ್‌ನಲ್ಲಿ 50.65 ಲಕ್ಷ ಕೋಟಿ ವೆಚ್ಚದ ಪೈಕಿ 12.76 ಲಕ್ಷ ಕೋಟಿ ಬಡ್ಡಿಗೇ ಹೋಗುತ್ತದೆ, ನಾಲ್ಕು ರೂಪಾಯಿಯಲ್ಲಿ ಒಂದು. ಆದರೆ ಆ ಸಾಲದ ಬಹುಪಾಲು ರೂಪಾಯಿಯಲ್ಲೇ ಇದೆ, ತೆರಿಗೆ ಎತ್ತುವ ಅಧಿಕಾರವೂ ಅವರ ಕೈಯಲ್ಲೇ ಇದೆ. ಹಣ ವಾಪಸ್ ಬರುವುದಿಲ್ಲ ಎಂಬುದಕ್ಕಿಂತ, ಬಂದ ಹಣಕ್ಕೆ ಆಗ ಎಷ್ಟು ಅಕ್ಕಿ ಸಿಗುತ್ತದೆ ಎಂದು ಯೋಚಿಸಿ. ರಾಜ್ಯಗಳ ಸಾಲಪತ್ರಕ್ಕೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ಬಡ್ಡಿ. ಸಾಲಕ್ಕೆ ಕಡಿವಾಣ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ಕೇಂದ್ರಕ್ಕಿಂತ ಮೊದಲೇ ತಂದ ರಾಜ್ಯ ನಮ್ಮದು. ನಾನು ನಮ್ಮ ರಾಜ್ಯದ್ದನ್ನೂ ಸ್ವಲ್ಪ ಕೊಂಡಿದ್ದೇನೆ.

ಗೃಹಿಣಿ, ಬೆಳಗಾವಿ

ಎಲ್ಲಿಟ್ಟರೂ ನಾಮಿನಿ ಹೆಸರು ಬರೆಸಿ, ಮನೆಯವರಿಗೆ ತಿಳಿಸಿ. ಅಪ್ಪ ಹೋದ ಮೇಲೆ ಅವರ ಒಂದು ಠೇವಣಿ ಪತ್ರ ಪಂಚಾಂಗದ ನಡುವೆ ಸಿಕ್ಕಿತು. ಅದನ್ನು ಬಿಡಿಸಿಕೊಳ್ಳಲು ಅಮ್ಮ ಹದಿನಾಲ್ಕು ತಿಂಗಳು ಅಲೆದರು.

ಕೇಳಿದವರು ಮತ್ತೆ, ಮೂರು ವಾರದ ನಂತರ

ಎಲ್ಲರಿಗೂ ನಮಸ್ಕಾರ. 30 ಲಕ್ಷ ಅಂಚೆ ಕಚೇರಿಗೆ ಚೆಕ್ಕಿನಲ್ಲಿ ಕೊಟ್ಟೆ. ಬ್ಯಾಂಕಿನಲ್ಲಿ ನಾಲ್ಕೂವರೆ ಲಕ್ಷ ಇಟ್ಟೆ, ಬಡ್ಡಿ ಸೇರಿದರೂ ವಿಮೆಯ ಮಿತಿ ದಾಟಬಾರದೆಂದು. ಉಳಿದದ್ದಕ್ಕೆ ತಮ್ಮ ಖಜಾನೆ ಬಿಲ್ ಕೊಡಿಸುತ್ತಿದ್ದಾನೆ. ನಾಮಿನಿ ಎಲ್ಲ ಕಡೆಯೂ ಮಗಳು.

ಏಜೆಂಟರಲ್ಲಿ ವಾರ್ಷಿಕ ವರದಿ ಕೇಳಿದಾಗ ಬಣ್ಣದ ಕರಪತ್ರ ತಂದುಕೊಟ್ಟರು. ತಮ್ಮನೇ ಷೇರುಪೇಟೆಯ ಜಾಲತಾಣದಿಂದ ವರದಿ ಇಳಿಸಿಕೊಟ್ಟ. ಉತ್ತರ ಪತ್ರಿಕೆ ತಿದ್ದುವಾಗಿನಂತೆ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಂಡು ದಾವಣಗೆರೆಯವರು ಹೇಳಿದ ಕೋಷ್ಟಕ ಹುಡುಕಿದೆ. ವರ್ಷದೊಳಗೆ ತೀರಿಸಬೇಕಾದದ್ದು, ಬರಬೇಕಾದದ್ದಕ್ಕಿಂತ ಬಹಳ ಹೆಚ್ಚು. ಆ ಪುಟದ ಪ್ರತಿಯನ್ನು ಏಜೆಂಟರಿಗೆ ಕೊಟ್ಟೆ. ಬಾಗಿಲಲ್ಲೇ ನಿಂತು ಎರಡು ಸಲ ಓದಿದರು. ಅವರ ತಾಯಿಯ ಹಣವೂ ಅಲ್ಲೇ ಇದೆಯಂತೆ.