ಪದಚರ್ಚೆ: ಅಧಿಕಾರಿಗೆ ಕೊಬ್ಬು ಇರುತ್ತದೆಯೇ?

ಗೆಳೆಯರೇ, ನಮಸ್ಕಾರ.

ಕಳೆದ ವಾರ ಒಂದು ಅನುವಾದ ತಿದ್ದುತ್ತಿದ್ದೆ. ಕೆಲಸ ಕಲಿಯುತ್ತಿರುವ ಹುಡುಗಿ ‘ಕೊಬ್ಬಿದ ಅಧಿಕಾರಿ’ ಎಂದು ಬರೆದಿದ್ದಳು. ನಾನು ಗೀಟು ಹಾಕಿ ‘ದರ್ಪದ ಅಧಿಕಾರಿ’ ಮಾಡಿದೆ. “ಯಾಕೆ ಸರ್, ಎರಡೂ ಒಂದೇ ಅಲ್ವಾ?” ಅಂದಳು. ಒಂದೇ ಅಲ್ಲ ಅಂತ ಗೊತ್ತು. ಯಾಕಲ್ಲ ಅಂತ ಥಟ್ಟನೆ ಹೇಳಲು ಬರಲಿಲ್ಲ. ಆಮೇಲೆ ಯೋಚಿಸಿದ್ದನ್ನು ಇಲ್ಲಿ ಇಡುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.

ನನಗನ್ನಿಸಿದ್ದು ಇಷ್ಟು. ಕೊಬ್ಬು ಮೇಲಿನಿಂದ ಕೆಳಕ್ಕೆ ಬೀಳುವ ಬೈಗುಳ. ಮಾಲೀಕ ಕೂಗಾಡಿದರೆ ದರ್ಪ, ಆಳು ಒಂದು ಮಾತು ಎದುರಾಡಿದರೆ ಕೊಬ್ಬು. ಅತ್ತೆಯದು ಜೋರು, ಸೊಸೆಯದು ಕೊಬ್ಬು. ಕೊಬ್ಬು ಅಂದರೆ ಮೈಯ ನೆಣ ತಾನೆ? ಅದು ಬೆಳೆಯಬೇಕಾದರೆ ಯಾರೋ ಅನ್ನ ಹಾಕಿರಬೇಕು. “ಉಂಡು ಉಂಡು ಕೊಬ್ಬಿದೆ ನಿಂಗೆ” ಅನ್ನುವವರು ಅನ್ನ ಹಾಕಿದವರು, ಇಲ್ಲವೇ ಹಾಗೆ ಅಂದುಕೊಂಡವರು. ಅದಕ್ಕೇ ಬೆದರಿಕೆಯೂ ಮೈಗೇ: “ಕೊಬ್ಬು ಕರಗಿಸ್ತೀನಿ.” ದರ್ಪವನ್ನು ಯಾರೂ ಕರಗಿಸುವುದಿಲ್ಲ.

ಆದರೆ ಕಚೇರಿಯ ಮೆಟ್ಟಿಲಿಳಿದು ಟೀ ಅಂಗಡಿ ಮುಂದೆ ನಿಂತಾಗ ನಾವೇ ಅನ್ನುತ್ತೇವೆ: “ಎಷ್ಟು ಕೊಬ್ಬು ನೋಡಿ ಅವನಿಗೆ, ನಮ್ಮ ತೆರಿಗೆ ದುಡ್ಡು ತಿಂದು!” ಅಲ್ಲಿ ಅನ್ನ ಹಾಕಿದವರು ನಾವು. ಒಳಗೆ ಮೇಜಿನ ಮುಂದೆ ನಿಂತಿದ್ದಾಗ ಈ ಪದ ಬಾಯಿಗೆ ಬರುವುದಿಲ್ಲ. ಹಾಗಾಗಿ ಹುಡುಗಿ ಬರೆದದ್ದು ತಪ್ಪೇ ಅಂತಲೂ ಈಗ ಖಾತ್ರಿಯಿಲ್ಲ.

ಸೊಕ್ಕು ಬೇರೆ ಜಾತಿ. ಇದರ ಹಳೆಯ ರೂಪ ಸೊರ್ಕು, ಅಂದರೆ ಅಮಲು, ಮದ. ಸೊಕ್ಕಾನೆ ಅಂದರೆ ಮದ ಏರಿದ ಆನೆ. ಮಲೆನಾಡಿನ ಕಡೆ ಅಡಿಕೆ ಜಗಿದು ತಲೆ ತಿರುಗಿದರೆ ‘ಅಡಿಕೆ ಸೊಕ್ಕಿತು’ ಅನ್ನುವುದೂ ಇದೇ. ಏರಿದ್ದು ಇಳಿಯಲೇಬೇಕಲ್ಲ, ಅದಕ್ಕೇ ಸೊಕ್ಕು ಇಳಿಯುತ್ತದೆ, ಅಡಗುತ್ತದೆ. ‘ಸೊಕ್ಕು ಮುರಿಯುವುದು’ ಹೇಗೆ ಬಂತೋ, ಬಲ್ಲವರು ಹೇಳಿ.

ಇನ್ನು ಜಂಬ. ಇದನ್ನು ನನಗೆ ಬಿಡಿಸಿ ತೋರಿಸಿದವರು ನಮ್ಮಜ್ಜಿ. ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಯಜಮಾನರು ಬಂದವರನ್ನೆಲ್ಲ ಕೈಹಿಡಿದು ಕರೆದುಕೊಂಡು ಹೋಗಿ ಗ್ರಾನೈಟಿನ ಚದರಡಿ ರೇಟು, ನಲ್ಲಿಯ ರೇಟು, ಕೊನೆಗೆ ಬಾಗಿಲ ಚಿಲಕದ ರೇಟನ್ನೂ ಹೇಳಿದರು. ಮಗ ಮಾತ್ರ ಗೇಟಿನ ಹತ್ತಿರ ಫೋನು ನೋಡುತ್ತಾ ನಿಂತಿದ್ದ. ಹಿರಿಯರು ಬಂದರೂ ತಲೆ ಎತ್ತಲಿಲ್ಲ. ವಾಪಸ್ ಬರುವಾಗ ನಾನು “ಏನು ಸೊಕ್ಕಜ್ಜಿ ಆ ಯಜಮಾನರಿಗೆ!” ಅಂದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ, “ಥೂ, ಅವನಿಗ್ಯಾವ ಸೊಕ್ಕೋ? ಪಾಪ, ಜಂಬ ಅಷ್ಟೇ. ಸೊಕ್ಕು ಆ ಹುಡುಗನಿಗೆ” ಅಂದರು.

ಜಂಬಕ್ಕೆ ನೋಡುವವರು ಬೇಕು. ಸೊಕ್ಕಿಗೆ ಯಾರೂ ಬೇಡ. ಅದಕ್ಕೇ ಜಂಬದ ಕೋಳಿ ಅಂತ ನಕ್ಕುಬಿಡುತ್ತೇವೆ, ಸೊಕ್ಕಿನ ಕೋಳಿ ಅನ್ನುವುದಿಲ್ಲ. ಜಂಬವನ್ನು, ಬಡಾಯಿಯನ್ನು ಕೊಚ್ಚಿಕೊಳ್ಳಬಹುದು. ಸೊಕ್ಕನ್ನು ಯಾರೂ ಕೊಚ್ಚಿಕೊಂಡದ್ದಿಲ್ಲ.

ಈ ‘ಕೊಚ್ಚಿಕೊಳ್ಳುವುದು’ ಎಂದಾಗಲೆಲ್ಲ ನನಗೆ ಕರ್ಣಪರ್ವ ನೆನಪಾಗುತ್ತದೆ. ಅಣ್ಣನನ್ನು ಹೀಯಾಳಿಸಿದ ತಪ್ಪಿಗೆ ಅರ್ಜುನ ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೊರಡುತ್ತಾನೆ. ಕೃಷ್ಣ ತಡೆದು, ನಿನ್ನನ್ನು ನೀನೇ ಹೊಗಳಿಕೋ, ಅದೂ ಸತ್ತಂತೆಯೇ ಅನ್ನುತ್ತಾನೆ. ಕತ್ತಿಯಲ್ಲಿ ಕೊಚ್ಚಿಕೊಳ್ಳುವ ಬದಲು ಬಾಯಲ್ಲಿ ಕೊಚ್ಚಿಕೊಂಡ! ಇದು ಪದದ ಮೂಲ ಅಲ್ಲ, ಸುಮ್ನೆ ನನ್ನ ಆಟ.

ಹೊರಗಿನಿಂದ ಬಂದ ಪದಗಳೂ ಮಜವಾಗಿವೆ. ಮಿದುಳು ಎಂಬ ಅರ್ಥದ ‘ದಿಮಾಗ್’ ನಮ್ಮಲ್ಲಿಗೆ ಬಂದು ಧಿಮಾಕು ಆಯಿತು. ಸಂಪತ್ತು ಎಂಬ ಅರ್ಥದ ‘ದೌಲತ್’ ದೌಲತ್ತಾಯಿತು. ದುಡ್ಡು ಬಿಟ್ಟು ದುಡ್ಡಿನ ಠೇಂಕಾರವನ್ನಷ್ಟೇ ಉಳಿಸಿಕೊಂಡೆವು. ಬಸವಣ್ಣನವರು ಇದಕ್ಕೆ ‘ಸಿರಿಗರ’ ಎಂಬ ಪದ ಬಳಸಿದ್ದಾರೆ. ಗರ ಅಂದರೆ ಗ್ರಹ, ದೆವ್ವ; ಸಿರಿಯೇ ದೆವ್ವವಾಗಿ ಮೆಟ್ಟಿಕೊಂಡರೆ ಸಿರಿಗರ. ಗರ ಬಡಿದವರನ್ನಾದರೂ ಮಾತಾಡಿಸಬಹುದು, ಸಿರಿಗರ ಬಡಿದವರನ್ನು ಮಾತಾಡಿಸಲಾಗದು ಅನ್ನುತ್ತಾರೆ. ಗೇಟಿನ ಹತ್ತಿರ ನಿಂತಿದ್ದ ಹುಡುಗ ಕಣ್ಣಿಗೆ ಕಟ್ಟಿದ. ಇಷ್ಟು ಒಳ್ಳೆಯ ಪದವನ್ನು ನಾವು ಯಾಕೆ ಬಳಕೆಗೆ ತಂದುಕೊಂಡಿಲ್ಲ?

ಹಮ್ಮುಬಿಮ್ಮಿನದು ಇನ್ನೊಂದು ವಿಚಿತ್ರ. ಅದು ಇದ್ದವರನ್ನು ನಾನು ಕಂಡಿಲ್ಲ. ಶ್ರದ್ಧಾಂಜಲಿ ಸಭೆಗಳಲ್ಲಿ ‘ಹಮ್ಮುಬಿಮ್ಮು ಇಲ್ಲದ ಸರಳಜೀವಿ’ಗಳೇ ಎಲ್ಲ. ಗತ್ತು ಮಾತ್ರ ಬೈಗುಳವೂ ಹೌದು, ಮೆಚ್ಚುಗೆಯೂ ಹೌದು. ಯಕ್ಷಗಾನದ ವೇಷಧಾರಿಯ ಗತ್ತುಗಾರಿಕೆಯನ್ನು ಹೊಗಳಿಯೇ ಬರೆಯುತ್ತಾರೆ.

ನನ್ನ ಪ್ರಶ್ನೆ ಇದು. ಅನ್ನ ತಿಂದವರಿಗೆ ಅನ್ನ ಹಾಕಿದವರು ಅನ್ನಲು ಕೊಬ್ಬು ಇದೆ. ಕೆಳಗಿನವರು ಮೇಲಿನವರಿಗೆ ಎದುರಿಗೇ ಅನ್ನಬಹುದಾದ, ಅಷ್ಟೇ ಚುರುಕಾದ ಪದ ನಿಮ್ಮ ಕಡೆ ಇದೆಯೇ? ಧಾರವಾಡ, ಕಲಬುರಗಿ, ಕುಂದಾಪುರದವರು ದಯವಿಟ್ಟು ಹೇಳಿ. ದರ್ಪ, ಉದ್ಧಟತನ ಎಲ್ಲ ಪೇಪರಿನ ಮಾತು, ಜಗಳದಲ್ಲಿ ಬಾಯಿಗೆ ಬರುವಂಥದ್ದಲ್ಲ. ಸದ್ಯಕ್ಕೆ ಹುಡುಗಿಯ ಹಾಳೆಯಲ್ಲಿ ನನ್ನ ‘ದರ್ಪ’ದ ಪಕ್ಕ ನಾನೇ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದೇನೆ.